ಸದ್ದು ನಿಂತ ಕುರ್ಚಿ

"ಇದು ಅವರ ಕುರ್ಚಿ ಅಲ್ಲ."

ಬಾಗಿಲು ತೆಗೆದ ಅಪ್ಪಿಯಮ್ಮ ಇಷ್ಟು ಹೇಳಿ ಹೊಸಿಲಲ್ಲೇ ನಿಂತುಬಿಟ್ಟರು. ಊರಿನಿಂದ ತಂದ ಚೀಲಗಳನ್ನು ಹೊತ್ತು ಹಿಂದೆಯೇ ಮೆಟ್ಟಿಲು ಹತ್ತಿದ ಮಗಳು ಶರಣ್ಯಾ ಅಮ್ಮನ ಹೆಗಲ ಮೇಲಿಂದ ಇಣುಕಿದಳು. ಕುರ್ಚಿ ಪಡುವಣ ಕಿಟಕಿಯ ಪಕ್ಕದಲ್ಲೇ ಇತ್ತು. ಹೋಗುವಾಗ ಹೇಗಿತ್ತೋ ಹಾಗೆಯೇ ಇತ್ತು. ಕಳ್ಳತನ ಆದ ಕೋಣೆಯಲ್ಲಿ ಏನಾದರೊಂದು ಕಾಣೆಯಾಗಿರಬೇಕಲ್ಲ? ಇಲ್ಲಿ ಎಲ್ಲವೂ ಇತ್ತು.

"ಅದೇ ಕುರ್ಚಿ ಅಮ್ಮಾ. ನೋಡು, ಬೆನ್ನಲ್ಲಿ ಬಿಳಿ ಬಣ್ಣದ ನಂಬರ್ ಉಂಟು. ಕೈಯ ಮೇಲೆ ಸಿಗರೇಟು ಸುಟ್ಟ ಕಲೆ ಉಂಟು."

"ಕಲೆ ಉಂಟು. ಕುರ್ಚಿ ಅವರದ್ದಲ್ಲ."

ಅವರು ಎಂದರೆ ರಘುರಾಮ. ಪುಣೆಯ ಬಿಬವೇವಾಡಿಯಲ್ಲಿ ಶುದ್ಧ ಶಾಕಾಹಾರಿ ಹೊಟೇಲು ಕಟ್ಟಿ, ಅದರ ಮೇಲಿನ ಮಹಡಿಯಲ್ಲಿ ಕುರ್ಚಿಗಳ ಸಂಸಾರ ಕಟ್ಟಿದ ಮನುಷ್ಯ. ಹುಚ್ಚು ಅಂದರೆ ಹುಚ್ಚು! ಎಪ್ಪತ್ತು ವರ್ಷದ ಹಿಂದೆ, ದೇಶ ಹೊಸದಾಗಿದ್ದ ಕಾಲದಲ್ಲಿ, ಸರ್ಕಾರಿ ಕಚೇರಿಗಳಿಗೆಂದು ದೊಡ್ಡ ದೊಡ್ಡ ವಿನ್ಯಾಸಕಾರರು ಗೆರೆ ಎಳೆದು ಮಾಡಿಸಿದ ಸಾಗುವಾನಿ ಕುರ್ಚಿಗಳು. ಓರೆಯಾಗಿ ನಿಂತ ಕಾಲು, ಅಗಲವಾದ ಕೈ, ಬೆತ್ತದ ಬೆನ್ನು. ಉಕ್ಕಿನ ಕುರ್ಚಿ ಬಂದ ಮೇಲೆ ಕಚೇರಿಗಳು ಇವನ್ನು ಅಂಗಳದಲ್ಲಿ ರಾಶಿ ಹಾಕಿ ಗುಜರಿಗೆ ಕೊಟ್ಟವು. ಈಗ ವಿದೇಶದವರು ಅದೇ ರಾಶಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ರಘುರಾಮರಿಗೆ ಮಾತ್ರ ಆ ಮದ್ದು ಮೊದಲೇ ಗೊತ್ತಿತ್ತು. ಗುಜರಿಯವರ ಬಳಿ ಕೈಕಾಲು ಮುರಿದು ಬಿದ್ದ ಕುರ್ಚಿಗಳನ್ನು ಹೊತ್ತು ತರುತ್ತಿದ್ದರು. ಮೇಲೆ ಬಳಿದ ಬಣ್ಣ ಕೆರೆದು, ಮರದ ಮೈ ಬಿಡಿಸಿ, ಅರಗಿನ ಪಾಲಿಶ್ ಕೊಟ್ಟು, ಬೆತ್ತದ ಕೆಲಸದ ಮಲಕಪ್ಪನಿಂದ ಹೊಸ ಬೆತ್ತ ಹೆಣೆಸುತ್ತಿದ್ದರು. ಗಾಯದ ಗುರುತು ಅಳಿಸಲು ಬಿಡುತ್ತಿರಲಿಲ್ಲ. ಕಿಟಕಿಯ ಪಕ್ಕದ ಈ ಕುರ್ಚಿಯನ್ನಂತೂ ಯಾರೂ ಮುಟ್ಟುವ ಹಾಗಿರಲಿಲ್ಲ. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಬಂದು ಅದರಲ್ಲಿ ಕೂರುವರು. ಹೋದ ವರ್ಷ ಅದರಲ್ಲೇ ಕೂತು, ಕೂತಲ್ಲೇ ಹೋದರು.

ಆಮೇಲೆ ಸದ್ದು ಶುರುವಾಯಿತು.

ಮಧ್ಯಾಹ್ನ, ಅವರು ಕೂರುತ್ತಿದ್ದ ಹೊತ್ತಿಗೇ. ಕಿರ್ರ್ ಎಂದು ಒಂದು ಉದ್ದದ ಸದ್ದು, ಆಮೇಲೆ ಟಕ್ ಎಂದು ಒಂದು ಗಿಡ್ಡ ಸದ್ದು. ಭಾರದ ಮನುಷ್ಯ ನಿಧಾನ ಕೂತು ಬೆನ್ನು ಆನಿಸಿದ ಹಾಗೆ. ಶರಣ್ಯಾ ತಾನೇ ಕಿವಿಯಾರೆ ಕೇಳಿದ್ದಳು. ಕೋಣೆಯ ತುಂಬ ಖಾಲಿ ಕುರ್ಚಿಗಳು, ಎಲ್ಲವೂ ಕಿಟಕಿಯ ಕಡೆ ಮುಖ ಮಾಡಿದವು, ಅವುಗಳ ನಡುವೆ ಆ ಒಂದೇ ಕುರ್ಚಿಯ ಸದ್ದು. ಅವಳ ಮೈಯ ರೋಮವೆಲ್ಲ ನೆಟ್ಟಗಾಗಿತ್ತು. ಹೊಟೇಲಿನ ಜನರೆಲ್ಲ ಮೆಟ್ಟಿಲ ಕಡೆ ನೋಡಿ ಕೈಮುಗಿಯುತ್ತಿದ್ದರು.

ಈಗ ಅಮ್ಮ ಮಗಳು ಕುಂದಾಪುರಕ್ಕೆ ಹೋಗಿ ರಘುರಾಮರ ವರ್ಷಾಂತಿಕ ಮುಗಿಸಿ ಬಂದಿದ್ದರು. ಬಂದ ದಿನದಿಂದ ಸದ್ದು ಇಲ್ಲ.

"ಇರುದಾದ್ರೂ ಹೇಗೆ ಅತ್ತೆ?" ಎಂದ ಸುಖೇಶ್. ಅವನು ರಘುರಾಮರ ತಂಗಿಯ ಮಗ. ಹುಡುಗನಾಗಿದ್ದಾಗಲೇ ಪುಣೆಗೆ ಬಂದು ಇದೇ ಮನೆಯ ಅನ್ನ ಉಂಡು ಬೆಳೆದವನು, ಈಗ ಹೊಟೇಲು ನೋಡಿಕೊಳ್ಳುವವನು. "ವರ್ಷಾಂತಿಕ ಆಯ್ತಲ್ಲ. ಮಾವನಿಗೆ ಮುಕ್ತಿ ಸಿಕ್ಕಿತು. ಇನ್ನು ಬರುದಿಲ್ಲ ಅವರು."

ಮಾತು ಎಷ್ಟು ಸರಿಯಾಗಿತ್ತೆಂದರೆ ಶರಣ್ಯಾಳ ಕಣ್ಣು ತುಂಬಿತು. ಅಪ್ಪಿಯಮ್ಮ ಮಾತ್ರ ತಲೆಯಾಡಿಸಿದರು.

"ಇದ್ರಲ್ಲಿ ಬೇರೆ ಯಾರೋ ಕೂತಿದ್ದಾರೆ ಸುಖೇಶ. ಮೀನು ತಿಂದವರು. ಕಡಲ ಬದಿಯಲ್ಲಿ ಹುಟ್ಟಿದವಳಿಗೆ ಬಂಗುಡೆ ಹುರಿದ ವಾಸನೆ ಗೊತ್ತಾಗುದಿಲ್ವಾ? ಮೇಲೆ ಎಷ್ಟು ಒರೆಸಿದ್ರೂ ಹೋಗುದಿಲ್ಲ."

ಮೀನು ಹೊಸಿಲು ದಾಟದ ಮನೆ ಅದು. ಸುಖೇಶ್ ಶರಣ್ಯಾಳ ಮುಖ ನೋಡಿದ. ಶರಣ್ಯಾ ನೆಲ ನೋಡಿದಳು.

ಎರಡೇ ವಾರದಲ್ಲಿ ಮಾತು ಎಲ್ಲಿಗೋ ಹೋಯಿತು. ಸುಖೇಶ್ ಡಾಕ್ಟರರನ್ನು ಕರೆತಂದ, ಮಾತ್ರೆ ತಂದ, ತಾನೇ ನೀರು ಹಿಡಿದು ನುಂಗಿಸಿದ. ಮಾತ್ರೆ ನುಂಗಿದ ಮೇಲೂ ಅಪ್ಪಿಯಮ್ಮ ಹೇಳಿದ್ದನ್ನೇ ಹೇಳಿದರು. ಕೊನೆಗೆ ಊರಾಚೆಯ ಒಂದು ಆರೈಕೆ ಮನೆಯ ಅರ್ಜಿ ಬಂತು. ಮಗಳ ಸಹಿ ಒಂದು ಬೇಕಿತ್ತು. ಶುಕ್ರವಾರ ಕರೆದುಕೊಂಡು ಹೋಗಲು ಗಾಡಿ ಬರುವುದಿತ್ತು. ಒಳಗೆ ಹೋದವರನ್ನು ಬೇಗ ಹೊರಗೆ ಕಳಿಸುವ ಜಾಗ ಅದಲ್ಲವೆಂದು ಶರಣ್ಯಾಳಿಗೆ ಗೊತ್ತಿತ್ತು.

ಸಹಿ ಹಾಕುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಅವಳು ಬುಧವಾರ ಮಧ್ಯಾಹ್ನ ಒಬ್ಬಳೇ ಮೇಲೆ ಹೋದಳು. ಬಾಗಿಲು ಮುಂದೆ ಮಾಡಿದಳು. ಅಕ್ಟೋಬರ್ ಬಿಸಿಲು ಕಿಟಕಿಯಿಂದ ನೇರ ಕುರ್ಚಿಯ ಮೇಲೆ ಬಿದ್ದಿತ್ತು. ಅಪ್ಪ ಹೋದ ಮೇಲೆ ಯಾರೂ ಕೂರದ ಆ ಕುರ್ಚಿಯಲ್ಲಿ ಅವಳು ಉಸಿರು ಬಿಗಿಹಿಡಿದು ಕೂತಳು.

ಸದ್ದಿಲ್ಲ. ಒಂದಿಷ್ಟೂ ಇಲ್ಲ. ಸದ್ದಿಗಿಂತ ಅದು ಹೆಚ್ಚು ಹೆದರಿಕೆ ಹುಟ್ಟಿಸಿತು. ಎರಡೂ ಕೈಯ ಮೇಲೆ ಬೆರಳಾಡಿಸಿದಳು. ಅಡ್ಡಕ್ಕೆ ಒಂದೊಂದು ತಗ್ಗು ತಾಗಿತು. ಇದು ಮೊದಲು ಇತ್ತೇ? ನೆನಪಾಗಲಿಲ್ಲ. ಬಿಸಿಲು ಏರಿದಂತೆ ಎಲ್ಲಿಂದಲೋ ಒಂದು ವಾಸನೆ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ. ಹುರಿದ ಎಣ್ಣೆ. ಮೀನು. ಯಾರೋ ಆಗಷ್ಟೇ ಎದ್ದು ಹೋದ ಜಾಗದಲ್ಲಿ ತಾನು ಕೂತಿದ್ದೇನೆ ಎನ್ನಿಸಿತು. ಅಥವಾ ಎದ್ದೇ ಹೋಗಿಲ್ಲವೋ?

ಶರಣ್ಯಾ ಚಪ್ಪಲಿ ಬಿಟ್ಟು ಓಡಿದಳು.

ಅವಳು ಫಿಸಿಯೋಥೆರಪಿ ಮಾಡುವವಳು. ಆ ಸಂಜೆ ಅವಳ ಮೇಜಿನ ಮೇಲೆ ಮಲಗಿದ್ದ ಮಂಡಿ ಆರತಿ ಮೇಡಂ ಅವರದು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬದ ಮಗಳು, ಪುಣೆ ಪೊಲೀಸಿನಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವರು. ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ.

"ಎಡಗಾಲ ಯಾಕ ಒತ್ತಾಕತ್ತಿ ಮಗಳ? ನೋವು ಬಲ ಮಂಡ್ಯಾಗ ಅದ."

ಶರಣ್ಯಾ ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಅತ್ತಳು. ಆರತಿ ಮೇಡಂ ಎದ್ದು ಕೂತರು.

"ಒಂದ್ ಮಾತ ಹೇಳು. ಮಳಿಗಾಲದಾಗ ಆ ಸದ್ದು ಬರ್ತಿತ್ತೇನ?"

"ಮಳೆಗಾಲದಲ್ಲಿ... ಕೆಲವು ದಿನ ಇರ್ಲಿಲ್ಲ. ಯಾರು ಲೆಕ್ಕ ಇಡ್ತಾರೆ ಮೇಡಂ?"

"ದೆವ್ವ ಮಳ್ಯಾಗ ರಜಾ ತಗೊಂಡಿತ್ತೇನ? ನಾಳಿ ಬರ್ತೀನಿ. ಮೆಟ್ಟಲ ಎಷ್ಟವ ಅಂತ ಮಾತ್ರ ಈಗ ಹೇಳಬ್ಯಾಡ."

ಗುರುವಾರ ಬೆಳಿಗ್ಗೆ ಆರತಿ ಮೇಡಂ ಮೆಟ್ಟಿಲ ಕಂಬಿ ಹಿಡಿದು, ಕಟ್ಟಡ ಕಟ್ಟಿದವನಿಗೆ ಶಾಪ ಹಾಕುತ್ತ ಮೇಲೆ ಬಂದರು. ಅಪ್ಪಿಯಮ್ಮನ ಪಕ್ಕದಲ್ಲಿ ಕೂತು ಕೈ ಹಿಡಿದರು.

"ಅಕ್ಕಾರ, ನೀವು ಏನ್ ಹೇಳೀರಿ, ಹಂಗೇ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

"ಕುರ್ಚಿ ಅವರದ್ದಲ್ಲ. ಇದ್ರಲ್ಲಿ ಬೇರೆಯವರು ಕೂತಿದ್ದಾರೆ, ಮೀನು ತಿಂದವರು. ಮೇಲೆ ಒರೆಸಿದ್ರೆ ವಾಸನೆ ಹೋಗುದಿಲ್ಲ. ಇಷ್ಟೇ."

"ಇಷ್ಟ ಸಾಕ್ರಿ."

ಅವರು ಕುರ್ಚಿಯ ಬಳಿ ಹೋದರು. ನಂಬರು ನೋಡಲಿಲ್ಲ, ಕಲೆ ನೋಡಲಿಲ್ಲ. ಕುರ್ಚಿಯನ್ನು ಮಗ್ಗುಲಿಗೆ ಕೆಡವಿ, ಬಿಳಿ ಕರ್ಚೀಫು ತೆಗೆದು ಕೂರುವ ಬೆತ್ತದ ಕೆಳಮೈಯನ್ನು ಒಮ್ಮೆ ಒರೆಸಿದರು. ಮೂಸಿದರು. ಕರ್ಚೀಫು ಮಡಚಿ ಚೀಲಕ್ಕೆ ಹಾಕಿಕೊಂಡರು.

"ನೀವು ಊರಿಗೆ ಹೋದಾಗ ಈ ಖೋಲಿಗೆ ಯಾರ್‍ಯಾರು ಬಂದಿದ್ರು?"

ಮೂವರು ಬಂದಿದ್ದರು. ಕೀಲಿ ಇದ್ದದ್ದು ಸುಖೇಶನ ಬಳಿ. ಬೇರೊಂದು ಕುರ್ಚಿಗೆ ಬೆತ್ತ ಹೆಣೆಯಲು ಮಲಕಪ್ಪ ಬಂದಿದ್ದ. ಹಳೆಯ ಕುರ್ಚಿಗಳ ವ್ಯಾಪಾರಿ ಮಿಥುನ ಟೆಂಪೋ ತಂದು ಕೆಲವು ಕುರ್ಚಿಗಳನ್ನು ಫೋಟೋ ತೆಗೆಸಲು ಒಯ್ದು ವಾಪಸು ತಂದಿದ್ದ. ಕಿಟಕಿಯ ಕುರ್ಚಿಗಾಗಿ ಮಿಥುನ ರಘುರಾಮರ ಕಾಲದಿಂದಲೂ ಬೆನ್ನು ಬಿದ್ದಿದ್ದ. ರಘುರಾಮ ಕೊಡಲಿಲ್ಲ. ಅಪ್ಪಿಯಮ್ಮನೂ ಕೊಡಲಿಲ್ಲ.

ಆರತಿ ಮೇಡಂ ಮೂವರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸಿದರು. ಪಕ್ಕದಲ್ಲಿದ್ದ ಶರಣ್ಯಾಳಿಗೆ ಪ್ರಶ್ನೆಗಳ ತಲೆಬುಡ ಹತ್ತಲಿಲ್ಲ.

"ಮಲಕಪ್ಪಾ, ನಿನ್ನ ಮನ್ಯಾಗ ಕೆಲಸಕ್ಕ ಬಂದ ಕುರ್ಚಿ ಎಲ್ಲಿ ಇಡ್ತಿ?"

"ಗ್ವಾಡಿಗೆ ಗೂಟ ಬಡದೀನ್ರಿ, ತೂಗ ಹಾಕ್ತೀನಿ. ನೆಲದ ಮ್ಯಾಲ ಇಟ್ರ ಇಲಿ ಬೆತ್ತ ಕಡೀತಾವ್ರಿ."

"ಮೀನ ತಿಂತೀಯೇನ?"

"ತಿಂತೀನ್ರಿ." ಮಲಕಪ್ಪ ದಡಬಡಿಸಿದ. "ಆದ್ರ ರಘುರಾಮಣ್ಣನ ಕುರ್ಚಿ ಮುಟ್ಟಿಲ್ರಿ ಬಾಯಿ! ಖಂಡೋಬಾನ ಆಣಿ!"

ಮಿಥುನ ಬೆಂಗಳೂರಿನವನು, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

"ಮೇಡಂ, ನಾವು ಚೇರ್‌ಗಳನ್ನ ಫುಲ್ ರ್‍ಯಾಪ್ ಮಾಡಿ ಗೋಡೌನ್‌ನಲ್ಲಿ ಇಡ್ತೀವಿ. ಒಂದು ಚೂರು ಡಸ್ಟ್ ಬೀಳೋ ಹಾಗಿಲ್ಲ."

"ನಕಲಿ ಮಾಡಸ್ತೀರೇನ್ರಿ?"

"ಮಾಡಿಸ್ತೀವಿ, ಆದ್ರೆ ರೆಪ್ಲಿಕಾ ಅಂತ ಹೇಳಿಯೇ ಮಾರ್ತೀವಿ. ಹೊಸದು ಹೊಸದಾಗೇ ಕಾಣುತ್ತೆ ಮೇಡಂ. ಹಳೇ ಚೇರ್ ಕೈಗಳ ಹೊಳಪು ಪಾಲಿಶ್‌ನಲ್ಲಿ ಬರಲ್ಲ. ಅದಕ್ಕೆ ಜನ ಕೂತು ಕೂತು ಬೆವರು ಇಳಿಬೇಕು."

ಕೊನೆಗೆ ಸುಖೇಶ್ ಬಂದ. ಬರುವಾಗ ಮೇಡಂ ಅವರಿಗೆ ಕಾಫಿ ತಂದ.

"ಹೊಟೇಲಿನಾಗ ಕುರ್ಚಿ ಹ್ಯಾಂಗ ಇಡ್ತೀರಿ ಸುಖೇಶ್?"

"ರಾತ್ರಿ ಬಾಗಿಲು ಹಾಕುವಾಗ ಮೇಜಿನ ಮೇಲೆ ಬೋರಲು ಹಾಕ್ತೇವೆ ಮೇಡಂ, ನೆಲ ಗುಡಿಸಿ ಒರೆಸ್ಲಿಕ್ಕೆ. ಎಲ್ಲ ಹೊಟೇಲಲ್ಲೂ ಅಷ್ಟೇ. ಯಾಕೆ?"

"ಸುಮ್ಮ ಕೇಳಿದೆ. ನಿಮಗ ಯಾರ ಮ್ಯಾಲ ಸಂಶೇ?"

ಸುಖೇಶ್ ದನಿ ತಗ್ಗಿಸಿದ. "ಅತ್ತೆಯ ತಲೆ ಸರಿ ಇಲ್ಲ ಅಂತಲೇ ನಾನು ಅಂದ್ಕೊಂಡದ್ದು. ಆದ್ರೆ ನಿಜಕ್ಕೂ ಬದಲಾಗಿದ್ರೆ... ಮೀನಿನ ವಾಸನೆ ಅಂತಾರಲ್ಲ? ಮಲಕಪ್ಪನ ಮನೆಯಲ್ಲಿ ಮೀನು ಬೇಯ್ತದೆ. ಬಡವ, ಪಾಪ."

ಅವನು ಹೋದ ಮೇಲೆ ಆರತಿ ಮೇಡಂ ಕಾಫಿ ಹೀರುತ್ತ ಕೇಳಿದರು. "ಹೊಟೇಲಿಗೆ ಸೂಟಿ ಇದ್ದ ದಿನ ನಿಮ್ಮ ಸುಖೇಶ್ ಎಲ್ಲಿ ಹೋಗ್ತಾನ?"

"ತಳೇಗಾಂವಕ್ಕೆ. ಯಾವುದೋ ಕಾರ್ಖಾನೆಯ ಕ್ಯಾಂಟೀನು ಹಿಡಿಲಿಕ್ಕೆ ಓಡಾಡ್ತಿದ್ದಾನೆ."

"ಹಿಡದಾನೇನ?"

"ಇನ್ನೂ ಇಲ್ಲ. ಒಂದು ವರ್ಷದಿಂದ ಓಡಾಡ್ತಾನೇ ಇದ್ದಾನೆ."

"ಭಾಳ ಚಿವಟಿ ಮನಷ್ಯಾ, ಹಿಡದದ್ದ ಬಿಡೂದಿಲ್ಲ," ಎಂದು ಮೇಡಂ ಎದ್ದರು. "ಅರ್ಜಿಗೆ ಸಹಿ ಹಾಕಬ್ಯಾಡ. ನಾಳಿ ಮಧ್ಯಾಹ್ನ ಮೂವರನ್ನೂ ಈ ಖೋಲಿಗೆ ಕರಿ."

ಆ ರಾತ್ರಿ ಶರಣ್ಯಾಳಿಗೆ ನಿದ್ದೆ ಹತ್ತಲಿಲ್ಲ. ಅಮ್ಮ ಮಾತ್ರೆಯ ಮಂಪರಿನಲ್ಲಿ ಮಲಗಿದ್ದರು. ಅವರ ಕೈ ಇಷ್ಟು ಸಣ್ಣಗಾದದ್ದು ಯಾವಾಗ?

ಶುಕ್ರವಾರ ಮಧ್ಯಾಹ್ನ. ಕೆಳಗೆ ಆರೈಕೆ ಮನೆಯ ಗಾಡಿ ಬಂದು ನಿಂತಿತ್ತು. ಮೇಲೆ ಕೋಣೆಯಲ್ಲಿ ಅಷ್ಟೊಂದು ಕುರ್ಚಿಗಳಿದ್ದರೂ ಯಾರೂ ಕೂರಲಿಲ್ಲ. ಬಿಸಿಲು ಸರಿಯುತ್ತ ಬಂದು ಕಿಟಕಿಯ ಕುರ್ಚಿಯನ್ನು ಮುಟ್ಟಿತು. ಎಲ್ಲರೂ ಅದನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಆ ವಾಸನೆ ಎದ್ದಿತು. ಮಿಥುನ ಮೂಗು ಮುಚ್ಚಿಕೊಂಡ. ಮಲಕಪ್ಪ ಗೋಡೆಗೆ ಒತ್ತಿಕೊಂಡು ನಿಂತ.

"ಬಂದ," ಎಂದ ಅವನು ಪಿಸುದನಿಯಲ್ಲಿ.

"ಯಾರೂ ಬಂದಿಲ್ಲ," ಎಂದರು ಆರತಿ ಮೇಡಂ. "ಬಿಸಲು ಬಂತು. ಬಿಸಲಿಗೆ ಜಿಡ್ಡು ಕರಗಿ ವಾಸನಿ ಬಿಡ್ತದ. ಹಳೀ ಕುರ್ಚಿ ಸದ್ದ ಮಾಡಿಸಿದ್ದೂ ಇದೇ ಬಿಸಲು. ಅದರ ಸಂದು ಸಡ್ಲ ಆಗಿತ್ತು. ಮರ ಕಾದು ಹಿಗ್ಗಿದಾಗ ಕಿರ್ರ್ ಅಂತಿತ್ತು. ಮಳ್ಯಾಗ ಸುಮ್ಮ ಇರ್ತಿತ್ತು. ಇದರ ಸಂದು ಹೊಸಾ ಅಂಟಿನಿಂದ ಬಿಗದಾವ. ಎಲ್ಲಿಂದ ಬರಬೇಕು ಸದ್ದು?"

"ಅಂದ್ರೆ ಇದು ನಕಲಿಯಾ?" ಸುಖೇಶ್ ಬೆಚ್ಚಿದವನಂತೆ ಮಲಕಪ್ಪನ ಕಡೆ ತಿರುಗಿದ.

"ಅವನ್ನ ಯಾಕ ನೋಡ್ತೀರಿ? ಇದನ್ನ ನೋಡ್ರಿ." ಮೇಡಂ ಕರ್ಚೀಫು ಬಿಚ್ಚಿದರು. ಬಿಳಿ ಬಟ್ಟೆಯ ಮೇಲೆ ಕಪ್ಪು, ಅಂಟು ಜಿಡ್ಡು. "ಧೂಳು, ಒಗ್ಗರಣಿ ಹೊಗಿ, ಎಣ್ಣಿ ಮ್ಯಾಲಿಂದ ಕೆಳಗ ಇಳೀತಾವ. ಕುರ್ಚಿ ಮ್ಯಾಲ ಕೂಡತಾವ. ಇದರ ಮ್ಯಾಲ ಸ್ವಚ್ಛ ಅದ. ಜಿಡ್ಡು ಇರೋದು ಬುಡಕ್ಕ! ಅಕ್ಕಾರು ಮೊದಲ ದಿನಾನೇ ಹೇಳ್ಯಾರ, ಮೇಲೆ ಒರಸಿದ್ರ ಹೋಗೂದಿಲ್ಲ ಅಂತ. ಬುಡ ಒರಸಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ."

ಮೇಡಂ ಕುರ್ಚಿಯ ಕೈಯ ಮೇಲೆ ಬೆರಳಿಟ್ಟರು.

"ಬುಡ ಮ್ಯಾಲ ಮಾಡಿ ಕುರ್ಚಿ ಮಲಗಸೋರು ಯಾರು? ಮಲಕಪ್ಪ ತೂಗ ಹಾಕ್ತಾನ. ಮಿಥುನ ಸುತ್ತಿ ಇಡ್ತಾರ. ದಿನಾ ರಾತ್ರಿ ಮೇಜಿನ ಮ್ಯಾಲ ಬೋರಲ ಹಾಕೋರು ಹೊಟೇಲಿನವ್ರು. ಎರಡೂ ಕೈ ಮ್ಯಾಲ ಅಡ್ಡ ತಗ್ಗ ಬಿದ್ದಾವ, ಮೇಜಿನ ಅಂಚು ತಿಂದದ್ದು. ಹೊಸಾ ಕುರ್ಚಿಗೆ ಬೆವರಿನ ಹೊಳಪು ಬೇಕಿತ್ತು, ಅದಕ್ಕ ನಾಕ ಮಂದಿ ಕೂಡೋ ಜಾಗಾದಾಗ ಇಟ್ರು. ರಾತ್ರಿ ಹುಡುಗೂರು ಉಳದ ಕುರ್ಚಿ ಜೋಡಿ ಇದನ್ನೂ ಬೋರಲ ಹಾಕಿದ್ರು. ಹೊಟೇಲಿನಾಗ ಬೆಳದ ಕಣ್ಣಿಗೆ ಅದು ತಪ್ಪ ಅಂತ ಕಾಣಲೇ ಇಲ್ಲ."

"ನಮ್ಮ ಹೊಟೇಲಲ್ಲಿ ಮೀನು ಇಲ್ಲ ಮೇಡಂ," ಎಂದ ಸುಖೇಶ್.

"ಇಲ್ಲಿ ಇಲ್ಲ. ತಳೇಗಾಂವದಾಗ ಅದ. ನಮ್ಮಣ್ಣನ ಮಗ ಜೈಭೀಮ ಅಲ್ಲೇ ಕಾರ್ಖಾನ್ಯಾಗ ದುಡೀತಾನ. ಗೇಟಿನ ಮುಂದಿನ ಮೀನ ಖಾನಾವಳಿ ಮಾಲಕ ಉಡುಪಿ ಕಡ್ಯಾಂವ, ಹೆಸರು ಸುಖೇಶ್ ಅಂದ. ನಿನ್ನಿ ನಾನೂ ಹೋಗಿ ಬಂಗಡಿ ತಿಂದು ಬಂದೆ. ಛಲೋ ಇತ್ತು. ರೊಕ್ಕದ ಗಲ್ಲೇದ ಹಿಂದ ಗೋಣಿ ಸುತ್ತಿಟ್ಟ ಅಸಲಿ ಕುರ್ಚಿನೂ ನೋಡಿ ಬಂದೆ." ಮೇಡಂ ಮಿಥುನನ ಕಡೆ ತಿರುಗಿದರು. "ನೀವು ನಕಲಿ ಕುರ್ಚಿ ಕೊಟ್ಟದ್ದು ಯಾರಿಗೆ?"

"ಸುಖೇಶ್‌ಗೆ." ಮಿಥುನ ಎರಡೂ ಫೋನು ಜೇಬಿಗಿಟ್ಟ. "ಹೋದ ವರ್ಷ. ಅಂಕಲ್ ನೆನಪಿಗೆ ಅಂದ್ರು, ನಂಬರ್, ಕಲೆ ಸಮೇತ ಮಾಡಿಸಿದ್ರು. ಒರಿಜಿನಲ್ ಇನ್ನೇನು ಕೊಡ್ತೀನಿ, ಆಂಟಿ ಒಪ್ಪಿದ್ದಾರೆ ಅಂತ ಮೊನ್ನೆ ಹೇಳಿದ್ರು. ಬದಲಾಯಿಸಿದ್ದು ನನಗೆ ಗೊತ್ತಿಲ್ಲ ಮೇಡಂ!"

"ಅಕ್ಕಾರು ಒಪ್ಪೂದಿಲ್ಲ. ಒಪ್ಪದೇ ಇರೋರಿಗೆ ಹುಚ್ಚಿ ಅಂತ ಹೆಸರಿಟ್ರ ಈ ಖೋಲಿ ಎಲ್ಲಾ ಸುಖೇಶಂದು. ಒಂದ ಕುರ್ಚಿ ಕದ್ದದ್ದು ಬರೇ ಶುರು."

ಸುಖೇಶ್ ಕುಸಿದು ಕೂತ. ಕೂತದ್ದು ನೆಲದ ಮೇಲೆ. "ಅತ್ತೆ, ತಪ್ಪಾಯ್ತು. ಆದ್ರೆ ನೀವೇ ಅಲ್ವಾ ಮಾವ ಬರ್ತಾರೆ, ಮಾವ ಬರುದಿಲ್ಲ ಅಂತ..."

"ಯಾವಾಗ ಹೇಳಿದೆ?"

ಅಪ್ಪಿಯಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿ ತಿಂಗಳಾಗಿತ್ತು.

"ಬಿಸಿಲಿಗೆ ಮರ ಸದ್ದು ಮಾಡ್ತದೆ ಅಂತ ಅವರೇ ನಂಗೆ ಹೇಳಿದ್ರು, ಬದುಕಿದ್ದಾಗಲೇ. ಅದಕ್ಕೇ ಸಂದು ಬಿಗಿ ಮಾಡ್ಲಿಕ್ಕೆ ಬಿಡ್ತಿರ್ಲಿಲ್ಲ, ಅವರಿಗೆ ಆ ಸದ್ದು ಇಷ್ಟ. ದೆವ್ವ ಅಂದದ್ದು ನೀವು. ಮುಕ್ತಿ ಅಂದದ್ದು ನೀನು. ನಾನು ಹೇಳಿದ್ದು ಕುರ್ಚಿ ಅವರದ್ದಲ್ಲ ಅಂತ, ಬೇರೆಯವರು ಕೂತಿದ್ದಾರೆ ಅಂತ. ಕೂತಿದ್ರಾ ಇಲ್ವಾ?" ಅವರು ಸುಖೇಶನನ್ನು ಬಿಟ್ಟು ಮಗಳ ಕಡೆ ತಿರುಗಿದರು. "ಅವ ಕಳ್ಳ. ಅವ ಸುಳ್ಳು ಹೇಳಿದ. ನೀನು ಯಾಕೆ ಒಂದ್ಸಲ ಬಗ್ಗಿ ನೋಡ್ಲಿಲ್ಲ ಶರಣ್ಯಾ?"

ಶರಣ್ಯಾ ನೆಲಕ್ಕೆ ಮಂಡಿಯೂರಿ ಕುರ್ಚಿಯ ಬುಡವನ್ನು ಬಗ್ಗಿ ನೋಡಿದಳು. ಕೆಳಗೆ ಆರೈಕೆ ಮನೆಯ ಗಾಡಿಯವನು ಹಾರ್ನ್ ಹೊಡೆದ. ಆರತಿ ಮೇಡಂ ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಅವನಿಗೆ ಏನು ಹೇಳಬೇಕೋ ಅದನ್ನು ಹೇಳಿದರು. ಗಾಡಿ ಹೋಯಿತು.

ಸಂಜೆ ಅಮ್ಮ ಮಗಳು ಪೊಲೀಸ್ ಚೌಕಿಯಲ್ಲಿ ಕೂತಿದ್ದರು. ಅಲ್ಲಿದ್ದ ಅಧಿಕಾರಿ ಯುವಕ, ಮರ್ಯಾದಸ್ಥ. ಮರಾಠಿಯಲ್ಲಿ ಕೇಳುತ್ತ ಬರೆದುಕೊಳ್ಳುತ್ತಿದ್ದ.

"ಬದಲಾದದ್ದು ಮೊದಲು ಗೊತ್ತಾದದ್ದು ಯಾರಿಗೆ?"

"ಅಮ್ಮನಿಗೆ," ಎಂದಳು ಶರಣ್ಯಾ.

"ಯಾವಾಗ?"

"ಊರಿಂದ ಬಂದು ಬಾಗಿಲು ತೆಗೆದ ಕೂಡಲೇ."

ಅವನು ತಾರೀಕು ನೋಡಿ ಹುಬ್ಬೇರಿಸಿದ. "ಮತ್ತೆ ದೂರು ಕೊಡಲು ಇಷ್ಟು ತಡ ಯಾಕೆ? ಕಾರಣ ಬರೆಯಬೇಕಾಗುತ್ತದೆ."

ಶರಣ್ಯಾ ಅಮ್ಮನ ಮುಖ ನೋಡಿದಳು, ಆಮೇಲೆ ಅಧಿಕಾರಿಯ ಮುಖ ನೋಡಿದಳು.

"ಅಮ್ಮ ದಿನವೂ ಹೇಳಿದರು. ನಾನು ನಂಬಲಿಲ್ಲ. ಹಾಗೇ ಬರೆಯಿರಿ."

ಅವನು ಹಾಗೇ ಬರೆದ. ಬರೆದದ್ದನ್ನು ಶರಣ್ಯಾ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದಳು, ಆ ಸಾಲನ್ನೂ ಬಿಡದೆ. ಅಪ್ಪಿಯಮ್ಮ ಪೂರ್ತಿ ಕೇಳಿ, ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಹೆಸರು ಬರೆದರು.